ಮೂರನೇ ಗೇರಿನ ಮೇಲಿನ ಕೈ

ಗೇರ್ ಬಾಕ್ಸ್ ಬಿಚ್ಚುವ ಮೊದಲು ನಾನು ಅದರ ಎಣ್ಣೆಯನ್ನು ಒಂದು ಬಿಳಿ ಪಿಂಗಾಣಿ ತಟ್ಟೆಗೆ ಇಳಿಸಿ ಬಿಸಿಲಿಗೆ ಹಿಡಿದು ನೋಡುತ್ತೇನೆ. ತಟ್ಟೆ ನನ್ನ ಹೆಂಡತಿಯ ಅಡುಗೆಮನೆಯದು. ಅವಳು ಅದರ ಆಸೆ ಬಿಟ್ಟು ಬಹಳ ಕಾಲವಾಯಿತು. ಎಣ್ಣೆ ಸ್ವಚ್ಛವಾಗಿದ್ದರೆ ರೋಗ ಹೊರಗೆಲ್ಲೋ ಇದೆ ಅಂತ ಲೆಕ್ಕ. ತಳದಲ್ಲಿ ಮಿಂಚುವ ಪುಡಿ ಕಂಡರೆ ರೋಗ ಒಳಗೇ ಇದೆ. ಆ ಬೇಸಿಗೆಯ ಬೆಳಿಗ್ಗೆ ಬೆಟಗೇರಿಯ ನನ್ನ ಗ್ಯಾರೇಜಿನ ಮುಂದೆ ತಟ್ಟೆಯನ್ನು ಓರೆ ಮಾಡಿದಾಗ ತಳದ ತುಂಬ ಕಪ್ಪು ಪುಡಿ, ನಡುನಡುವೆ ಮಿಂಚು. ಒಂದು ಗೇರ್ ಬಾಕ್ಸ್ ಇಷ್ಟರ ಮಟ್ಟಿಗೆ ತನ್ನನ್ನು ತಾನೇ ತಿಂದುಕೊಂಡದ್ದನ್ನು ನಾನು ನೋಡಿರಲಿಲ್ಲ.

ಕಾರು ನೋಡಲು ಸಣ್ಣದು, ಆದರೆ ಮಾರ್ಕೆಟ್ಟಿಗೆ ಹೋಗಿ ಬರುವ ಕಾರಲ್ಲ. ಎಂಜಿನ್ನಿನ ಜೋರು ಹೆಚ್ಚಿಸಿದ್ದರು. ಒಳಗೆ ಹಿಂದಿನ ಸೀಟು ಕಿತ್ತು ಉಕ್ಕಿನ ಕೊಳವೆಗಳ ಪಂಜರ ಕೂರಿಸಿದ್ದರು. ಮಣ್ಣಿನ ದಾರಿಯ ರೇಸಿಗೆ ತಯಾರಾದ ಗಾಡಿ ಅದು. ಕಂಪನಿಯ ಹೆಸರು ಇಲ್ಲಿ ಬೇಡ, ಯಾಕೆಂದರೆ ತಪ್ಪು ಅವರದ್ದಾಗಿರಲಿಲ್ಲ.

ಗಾಡಿಯ ಒಡತಿ ಕುರ್ತಕೋಟಿಯ ಹುಡುಗಿ. ಗದಗಿನ ಒಂದು ಡ್ರೈವಿಂಗ್ ಸ್ಕೂಲಿನಲ್ಲಿ ಕಲಿಸುತ್ತಾಳೆ, ರಜೆ ಸಿಕ್ಕರೆ ಮಣ್ಣಿನ ಮೇಲೆ ಗಾಡಿ ಓಡಿಸುತ್ತಾಳೆ. ನನ್ನನ್ನು ಚಾಚಾ ಎನ್ನುತ್ತಾಳೆ. ಬಂದವಳೇ ಬಾನೆಟ್ಟಿನ ಮೇಲೆ ಕೈಯೂರಿ ನಿಂತಳು.

"ಚಾಚಾ, ಮೂರನೇ ಗೇರ್ ಜಿಗೀತೈತ್ರಿ."

"ಎಲ್ಲಿ ಜಿಗೀತೈತಿ?"

"ಮಣ್ಣಿನ ದಾರ್ಯಾಗ. ತಿರುವಿನಿಂದ ಹೊರಗ ಬರೂಮುಂದ ಪೂರಾ ಜೋರು ಕೊಟ್ನೆಂದ್ರ ಟಪ್ ಅಂತ ನ್ಯೂಟ್ರಲ್ಲಿಗೆ ಬರ್ತೈತಿ. ಎಂಜಿನ್ ಚೀರತೈತಿ, ಗಾಡಿ ಮುಂದ ಹೋಗೂದಿಲ್ಲ."

ಇದೇ ಕಾರಣಕ್ಕೆ ಅವಳು ಈ ಹಿಂದೆ ಎರಡು ರೇಸುಗಳಲ್ಲಿ ನಡುದಾರಿಯಲ್ಲೇ ನಿಂತಿದ್ದಳು. ಹುಬ್ಬಳ್ಳಿಯಲ್ಲಿ ಒಬ್ಬ ರೇಸ್ ತಂಡದ ಮಾಲೀಕರಿದ್ದಾರೆ. ಅವರು ಅವಳಿಗೆ ಸ್ಪಷ್ಟವಾಗಿ ಹೇಳಿದ್ದರು: ಮಳೆಗಾಲಕ್ಕೆ ಮುಂಚೆ ಮುಂಡರಗಿ ಕಡೆ ನಡೆಯುವ ರೇಸಿನಲ್ಲಿ ಗೆಲ್ಲುವುದೂ ಬೇಡ, ನಿಲ್ಲದೆ ಪೂರ್ತಿ ಮಾಡು, ಮುಂದಿನ ಇಡೀ ವರ್ಷ ನನ್ನ ಗಾಡಿಯಲ್ಲಿ ಕೂರಿಸುತ್ತೇನೆ, ಈ ಸಲವೂ ನಿಂತರೆ ಆ ಸೀಟು ಇನ್ನೊಬ್ಬರಿಗೆ. ಇದನ್ನೆಲ್ಲ ಅವಳು ನಗುನಗುತ್ತಲೇ ಹೇಳಿದಳು, ಆದರೆ ಕೈಯಲ್ಲಿದ್ದ ಕೀಲಿಯನ್ನು ಒಂದೇ ಸಮನೆ ತಿರುವುತ್ತಿದ್ದಳು.

ಅಲ್ಲೇ ಚಹಾ ಕುಡಿಯುತ್ತಿದ್ದ ಗಿರಾಕಿಯೊಬ್ಬ ಬಾಯಿ ಹಾಕಿದ. "ಆಟೋಮ್ಯಾಟಿಕ್ ತಗೊಂಡ್ರ ಈ ರಗಳೀನ ಇಲ್ಲಲ್ಲಬೇ ತಂಗಿ."

"ಅದು ತನಗ ತಿಳದಾಗ ಗೇರ್ ಹಾಕತೈತ್ರಿ ಅಣ್ಣಾರ. ನನಗ ಬೇಕಾದಾಗ ಹಾಕೂದಿಲ್ಲ," ಅಂದಳು. ಆ ಮಾತಿಗೇ ನಾನು ಕೆಲಸ ಒಪ್ಪಿಕೊಂಡೆ. ಹೇಳಿದ್ದು ಖರೆ. ಮಣ್ಣಿನಲ್ಲಿ ಚಕ್ರ ಜಾರುವಾಗ ಯಾವ ಗಳಿಗೆಗೆ ಗೇರ್ ಬೇಕು ಎನ್ನುವುದು ಕೂತವರ ಸೊಂಟಕ್ಕೆ ಗೊತ್ತಾಗುತ್ತದೆ. ಯಂತ್ರಕ್ಕೆ ಅದು ಆಮೇಲೆ ಗೊತ್ತಾಗುತ್ತದೆ.

ಒಳ್ಳೆಯ ಮ್ಯಾನುವಲ್ ಗೇರನ್ನು ಕಣ್ಣು ಮುಚ್ಚಿಯೂ ಗುರುತಿಸಬಹುದು. ಹಿಡಿಯನ್ನು ತಳ್ಳಿದಾಗ ಮೊದಲು ಒಂದು ಸಣ್ಣ ತಡೆ. ಒಳಗೆ ಹಿತ್ತಾಳೆಯ ಬಳೆ ಎರಡು ಚಕ್ರಗಳ ವೇಗವನ್ನು ಸರಿದೂಗಿಸುವ ಹೊತ್ತು ಅದು. ಆಮೇಲೆ ದಾರಿ ಬಿಡುತ್ತದೆ. ಕೊನೆಗೆ ಸ್ಪ್ರಿಂಗಿನ ಒತ್ತಡಕ್ಕೆ ಒಂದು ಉಕ್ಕಿನ ಗುಂಡು ತನ್ನ ಕುಳಿಗೆ ಬೀಳುತ್ತದೆ, ಬಾಗಿಲ ಚಿಲಕ ಬಿದ್ದಷ್ಟೇ ಸ್ಪಷ್ಟವಾಗಿ ಕೈಗೆ ತಿಳಿಯುತ್ತದೆ. ಇವಳ ಗಾಡಿಯಲ್ಲಿ ಮೂರನೆಯದಕ್ಕೆ ಆ ಚಿಲಕವೇ ಇರಲಿಲ್ಲ. ಅಂಬಲಿಯಲ್ಲಿ ಸೌಟು ಆಡಿಸಿದ ಹಾಗೆ ಹೋಗಿ ನಿಲ್ಲುತ್ತಿತ್ತು.

ಗೇರ್ ಬಾಕ್ಸ್ ಇಳಿಸಿ ಬಿಚ್ಚಿದೆ. ಒಳಗೆ ಏನಿತ್ತು ಎಂದು ಹೇಳುವ ಮೊದಲು ಎರಡು ಭಾಗಗಳ ಪರಿಚಯ ಬೇಕು. ಒಂದು, ಸ್ಲೀವ್: ಹಲ್ಲುಗಳಿರುವ ದಪ್ಪ ಬಳೆ. ಅದು ಸರಿದು ಗೇರಿನ ಹಲ್ಲುಗಳನ್ನು ಕಚ್ಚಿಕೊಂಡಾಗಲೇ ಗೇರ್ ಬಿತ್ತು ಎನ್ನುತ್ತೇವೆ. ಇನ್ನೊಂದು, ಆ ಬಳೆಯ ಮೇಲಿನ ತೋಡಿನಲ್ಲಿ ಕೂತು ಅದನ್ನು ಸರಿಸುವ ಕವಲು, ಫೋರ್ಕ್. ನಾವು ಹಿಡಿ ತಳ್ಳಿದರೆ ಫೋರ್ಕ್ ಸರಿಯುತ್ತದೆ, ಫೋರ್ಕ್ ಬಳೆಯನ್ನು ಸರಿಸುತ್ತದೆ. ಇವಳ ಗಾಡಿಯಲ್ಲಿ ಮೂರು ಮತ್ತು ನಾಲ್ಕನೆಯ ಗೇರಿನ ಫೋರ್ಕ್ ಒಂದು ಬದಿಯಲ್ಲಿ ಸವೆದು ಚಾಕುವಿನಂತಾಗಿತ್ತು. ಬಳೆಯ ಹಲ್ಲುಗಳ ಮೂಲೆಗಳೂ ಉರುಟಾಗಿದ್ದವು. ಉರುಟು ಹಲ್ಲು ಕಚ್ಚಿ ಹಿಡಿಯುವುದಿಲ್ಲ, ಜೋರು ಬಿದ್ದರೆ ಜಾರುತ್ತದೆ. ಗೇರ್ ಜಿಗಿಯಲು ಇದಕ್ಕಿಂತ ಸರಳ ಕಾರಣ ಬೇಕಿಲ್ಲ. ನಾನು ಖುಷಿಯಾದೆ.

ಹುಬ್ಬಳ್ಳಿಯಿಂದ ಹೊಸ ಫೋರ್ಕ್, ಹೊಸ ಬಳೆ, ಮೂರನೆಯ ಗೇರ್, ಗುಂಡಿನ ಸ್ಪ್ರಿಂಗ್ ತರಿಸಿದೆ. ಎಂಜಿನ್ನನ್ನು ಹಿಡಿಯುವ ರಬ್ಬರುಗಳನ್ನು ಸಣ್ಣ ಹಾರೆಯಿಂದ ಮೀಟಿ ನೋಡಿದೆ. ಅವು ಸೀಳಿದ್ದರೆ ಎಂಜಿನ್ ತೂಗಾಡಿ ಗೇರ್ ಕೇಬಲ್ಲನ್ನು ಜಗ್ಗುತ್ತದೆ. ಸೀಳಿರಲಿಲ್ಲ. ಕೇಬಲ್ ಹೊಂದಿಸಿ, ಹೊಸ ಎಣ್ಣೆ ತುಂಬಿ, ಲಕ್ಷ್ಮೇಶ್ವರದ ದಾರಿಯಲ್ಲಿ ಟ್ರಯಲ್ ಹೊರಟೆವು. ಅವಳು ಓಡಿಸಿದಳು, ನಾನು ಪಕ್ಕದಲ್ಲಿ ಕೂತೆ. ಎರಡೂ ಕೈ ಸ್ಟೇರಿಂಗಿನ ಮೇಲೆ, ಗೇರ್ ಬದಲಿಸುವಾಗ ಮಾತ್ರ ಎಡಗೈ ಕೆಳಗೆ ಬಂದು ಮತ್ತೆ ಮೇಲೆ. ಡ್ರೈವಿಂಗ್ ಸ್ಕೂಲಿನ ಟೀಚರಲ್ಲವೇ, ತೋರಿಸಿ ಕಲಿಸುವ ಹಾಗೆ ಓಡಿಸಿದಳು. ಅಡರಕಟ್ಟಿಯ ಏರಿನಲ್ಲಿ ಮೂರನೆಯ ಗೇರಿನಲ್ಲೇ ಪೂರ್ತಿ ಜೋರು ಕೊಡು ಅಂದೆ. ಕೊಟ್ಟಳು. ಚಿಲಕ ಬಿದ್ದಂತೆ ನಿಂತಿತು.

ಲಕ್ಷ್ಮೇಶ್ವರದಲ್ಲಿ ಮಿರ್ಚಿ ತಿನ್ನುತ್ತ ನಾನು ಎದೆ ಉಬ್ಬಿಸಿ ಹೇಳಿದೆ, "ಇನ್ನ ಆ ಗೇರ್ ಜಿಗೀತಂದ್ರ ನನ್ನ ಹೆಸರ ಬದ್ಲಿ ಮಾಡವ್ವಾ."

ಮುಂದಿನ ವಾರವೇ ಅವಳ ಗಾಡಿ ಇನ್ನೊಂದು ಗಾಡಿಯ ಹಿಂದೆ ಹಗ್ಗ ಕಟ್ಟಿಸಿಕೊಂಡು ಬಂತು. ಇಳಿದವಳು ಬಾಗಿಲು ಹಾಕಿ ನನ್ನ ಮುಖ ನೋಡಿದಳು.

"ಚಾಚಾ, ಏನ್ ಹೆಸರಿಡೂಣ್ರಿ?"

ಹೊಲದ ಸುತ್ತಿನ ಮಣ್ಣಿನ ದಾರಿಯಲ್ಲಿ ಅಭ್ಯಾಸ ಮಾಡುವಾಗ ಮತ್ತೆ ಅದೇ ಮೂರನೆಯ ಗೇರ್, ಮತ್ತೆ ಅದೇ ಟಪ್. ರೇಸು ಹತ್ತಿರ ಬರುತ್ತಿತ್ತು.

ಮತ್ತೆ ತಟ್ಟೆ, ಮತ್ತೆ ಮಿಂಚುವ ಪುಡಿ. ಬಿಚ್ಚಿದರೆ ಹೊಸ ಫೋರ್ಕ್ ಅದೇ ಬದಿಯಲ್ಲಿ ಸವೆದಿತ್ತು. ಸಾಲದ್ದಕ್ಕೆ ತುದಿ ನೀಲಿಗಟ್ಟಿತ್ತು, ಅಂದರೆ ಉಜ್ಜಿ ಉಜ್ಜಿ ಕಾದಿತ್ತು. ವಿಚಿತ್ರವೆಂದರೆ ಹೊಸ ಬಳೆಯ ಹಲ್ಲುಗಳು ಇನ್ನೂ ಹೆಚ್ಚುಕಡಿಮೆ ಚೂಪಾಗೇ ಇದ್ದವು. ಹಲ್ಲು ಉರುಟಾಗಿ ಬಳೆ ಹೊರಕ್ಕೆ ತಳ್ಳಿದ್ದರಿಂದ ಫೋರ್ಕ್ ಸವೆಯಿತು ಎಂದು ನಾನು ಮೊದಲ ಸಲ ತಿಳಿದಿದ್ದೆ. ಈಗ ನೋಡಿದರೆ ಹಲ್ಲಿಗಿಂತ ಮೊದಲು ಫೋರ್ಕೇ ಹೋಗಿದೆ. ಹಾಗಾದರೆ ಅದನ್ನು ತಿಂದವರು ಯಾರು?

ನನಗೆ ಸಿಟ್ಟು ಬಂದರೆ ಮೊದಲು ಫೋನ್ ಹಿಡಿಯುತ್ತೇನೆ. ಹುಬ್ಬಳ್ಳಿಯ ಅಂಗಡಿಯವನಿಗೆ ನಕಲಿ ಮಾಲು ಕೊಟ್ಟಿದ್ದೀಯ ಎಂದು ಬಾಯಿಗೆ ಬಂದಂತೆ ಬೈದೆ. ಅವನು ಅಲ್ಲಾನ ಮೇಲೆ ಆಣೆ ಮಾಡಿದ. ನಂಬದೆ ಫೋರ್ಕನ್ನು ನಮ್ಮ ಓಣಿಯ ಲೇತ್ ಮಶಿನ್ನಿನವನ ಹತ್ತಿರ ಒಯ್ದೆ. ಅವನು ಅದರ ಮೇಲೆ ಅರ ಆಡಿಸಿ, "ಮಾಲು ಖಡಕ್ ಐತೋ ಮಾರಾಯಾ, ಅವಂಗ್ಯಾಕ ಬೈತಿ," ಅಂದ. ಅಂಗಡಿಯವನಿಗೆ ಮತ್ತೆ ಫೋನ್ ಮಾಡಿ ಮಾಫಿ ಕೇಳಬೇಕಾಯಿತು. ಮಧ್ಯಾಹ್ನ ಬುತ್ತಿ ತಂದ ಹೆಂಡತಿ ನಾನು ತಿನ್ನದೆ ಕೂತಿದ್ದನ್ನು ನೋಡಿ, "ಆ ಲೋಹಕ್ಕ ಹಸಿವಿ ಆಗೂದಿಲ್ಲ, ನಿಮಗ ಆಗತೈತಿ. ಉಣ್ರಿ ಮೊದಲ," ಎಂದು ಗದರಿದಳು.

ಉಣ್ಣುತ್ತ ಒಂದು ವಿಷಯ ಹೊಳೆಯಿತು. ಗಾಡಿ ಕೆಡುತ್ತಿರುವುದು ಮಣ್ಣಿನಲ್ಲಿ. ನಾನು ನೋಡಿದ್ದು ಡಾಂಬರಿನ ಮೇಲೆ. ನನ್ನ ಬೆನ್ನಿನ ನೋವಿಗೆ ಹೆದರಿ ಆ ಮಣ್ಣಿನ ದಾರಿಗೆ ನಾನು ಕಾಲಿಟ್ಟೇ ಇರಲಿಲ್ಲ. ಇನ್ನೊಮ್ಮೆ ಕಣ್ಣು ಮುಚ್ಚಿ ಸಾಮಾನು ಹಾಕುವುದಿಲ್ಲ, ಮೊದಲು ಆ ದಾರಿ ನೋಡುತ್ತೇನೆ ಎಂದು ತೀರ್ಮಾನಿಸಿದೆ.

ಮರುದಿನ ಕುರ್ತಕೋಟಿಗೆ ಹೋದೆ. ಹುಡುಗಿ ಡ್ರೈವಿಂಗ್ ಸ್ಕೂಲಿಗೆ ಹೋಗಿದ್ದಳು, ಅವಳ ಅಪ್ಪ ಇದ್ದರು. ನನ್ನಷ್ಟೇ ವಯಸ್ಸಿನ, ಮಾತಿಗೆ ಮುಂಚೆ ನಗುವ ಮನುಷ್ಯ. ಮಗಳ ಅಭ್ಯಾಸಕ್ಕೆಂದು ತಮ್ಮ ಹೊಲದ ಬದುವಿನ ಗುಂಟ ತಾವೇ ಟ್ರ್ಯಾಕ್ಟರಿನಿಂದ ಮಟ್ಟ ಹೊಡೆದು ದಾರಿ ಮಾಡಿಕೊಟ್ಟಿದ್ದರು. ಊರಿನವರು ಏನಂದರು ಎಂದು ಕೇಳಿದೆ.

"ಹೊಲದಾಗ ಬೆಳಿ ಬೆಳೀತಾರ, ನೀ ಧೂಳ ಬೆಳಿಯಾಕತ್ತೀಯೇನು ಅಂದ್ರು. ಹೂಂ, ಈ ವರ್ಷ ಬೆಳಿ ಛಲೋ ಐತಿ ಅಂದೆ," ಎಂದು ನಕ್ಕರು. "ಬರ್ರಿ ಸಾಬ್ರ, ಹತ್ರಿ. ದಾರಿ ತೋರಸ್ತೀನಿ."

ಹಳೆಯ ಟ್ರ್ಯಾಕ್ಟರಿನ ಮಡ್‌ಗಾರ್ಡಿನ ಮೇಲೆ ಕೂತೆ. ಊರು ದಾಟುವವರೆಗೆ ರಸ್ತೆ ಸರಿ ಇತ್ತು, ಅವರು ಊರಿನ ಕಥೆ ಹೇಳುತ್ತ ಎರಡೂ ಕೈಯಲ್ಲಿ ಸ್ಟೇರಿಂಗ್ ಹಿಡಿದಿದ್ದರು. ಟ್ರ್ಯಾಕ್ಟರ್ ಕಪ್ಪು ಮಣ್ಣಿನ ಎರೆಹೊಲಕ್ಕೆ ಇಳಿಯಿತು. ಇಳಿದದ್ದೇ ತಡ, ಅವರ ಎಡಗೈ ತಾನಾಗಿ ಗೇರಿನ ಹಿಡಿಯ ಮೇಲೆ ಬಂದು ಕೂತಿತು. ಹಗುರವಾಗಿ ಅಲ್ಲ. ಮೊಳಕೈ ನೆಟ್ಟಗೆ ಮಾಡಿ, ತಮ್ಮ ಭಾರವನ್ನೇ ಹಾಕಿ ಒತ್ತಿದ್ದರು. ಕಥೆ ನಿಲ್ಲಲಿಲ್ಲ, ಕೈಯೂ ಮೇಲೆ ಬರಲಿಲ್ಲ.

"ಯಜಮಾನ್ರ, ಆ ಕೈ ಯಾಕ ಅಲ್ಲೇ ಇಟ್ಟೀರಿ?"

"ಯಾವ ಕೈ?" ಎಂದು ಕೆಳಗೆ ನೋಡಿಕೊಂಡರು. "ಓ, ಇದಾ? ಬಿಟ್ರ ಜಿಗೀತೈತ್ರಿ. ಡಾಂಬರದ ಮ್ಯಾಗ ಏನೂ ಮಾಡೂದಿಲ್ಲ. ಎರಿಗೆ ಇಳೀತಂದ್ರ ಭಾರ ಬಿದ್ದು ಜಿಗೀತೈತಿ. ಒತ್ತಿ ಹಿಡಕೊಂಡ್ರ ಸುಮ್ನಿರತೈತಿ."

"ಎಷ್ಟ ದಿನಾತು ಹಿಂಗಾಗಿ?"

"ನಮ್ಮಪ್ಪನ ಕಾಲದಿಂದ್ರಿ. ಅವ ನನಗ ಹಿಂಗ ಕಲಿಸಿದ, ನಾ ನನ್ನ ಮಗಳಿಗೆ ಹಿಂಗ ಕಲಿಸೀನಿ. ಅಕಿ ಗಾಡಿ ಹೊಡಿಯಾಕ ಕಲ್ತಿದ್ದ ಇದರ ಮ್ಯಾಗನ ನೋಡ್ರಿ. ಈಗೂ ರಜಾ ದಿನ ಅಕೀನ ಹೊಲ ಹರಗತಾಳ."

ನಾನು ಮಡ್‌ಗಾರ್ಡಿನ ಮೇಲಿಂದಲೇ ಕೂಗಿದೆ, "ನಿಲ್ಲಸ್ರಿ! ನಿಲ್ಲಸ್ರಿ ಟ್ರ್ಯಾಕ್ಟರ್!" ಪಾಪ, ನಾನು ಬಿದ್ದೆನೇನೋ ಎಂದು ಅವರು ಗಾಬರಿಯಿಂದ ಬ್ರೇಕ್ ಒತ್ತಿದರು.

ಗೇರ್ ಒಮ್ಮೆ ಬಿದ್ದ ಮೇಲೆ ಫೋರ್ಕಿಗೆ ಕೆಲಸವಿಲ್ಲ. ಬಳೆ ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುತ್ತಿರುತ್ತದೆ, ಫೋರ್ಕ್ ಅದರ ತೋಡಿನಲ್ಲಿ ಮುಟ್ಟಿಯೂ ಮುಟ್ಟದಂತೆ ಇರಬೇಕು. ಮೇಲಿನಿಂದ ಕೈ ಒತ್ತಿಕೊಂಡೇ ಇದ್ದರೆ ಫೋರ್ಕ್ ಆ ತಿರುಗುವ ಉಕ್ಕಿಗೆ ಒರಸಿಕೊಳ್ಳುತ್ತದೆ, ಕಾಯುತ್ತದೆ, ಸವೆಯುತ್ತದೆ. ಸವೆದ ಫೋರ್ಕ್ ಬಳೆಯನ್ನು ಪೂರ್ತಿ ಸರಿಸುವುದಿಲ್ಲ; ಹಲ್ಲುಗಳು ಅರ್ಧವೇ ಕಚ್ಚಿ ಮೂಲೆ ಉರುಟಾಗುತ್ತವೆ. ಆಗ ಗೇರ್ ಜಿಗಿಯುತ್ತದೆ. ಜಿಗಿಯಿತೆಂದು ಅವಳು ಇನ್ನೂ ಗಟ್ಟಿ ಒತ್ತುತ್ತಾಳೆ. ಮುದಿ ಟ್ರ್ಯಾಕ್ಟರಿನ ನಿಧಾನದ ಗೇರ್ ಈ ಒತ್ತನ್ನು ತಲೆಮಾರಿನವರೆಗೆ ತಾಳಿಕೊಂಡಿತ್ತು. ರೇಸ್ ಗಾಡಿಯ ಗೇರ್ ಒಂದು ವಾರವೂ ತಾಳಲಿಲ್ಲ. ಡಾಂಬರಿನ ಮೇಲೆ ಆ ಹುಡುಗಿ ಡ್ರೈವಿಂಗ್ ಸ್ಕೂಲಿನ ಟೀಚರು, ಮಣ್ಣಿಗೆ ಇಳಿದಳೆಂದರೆ ಅಪ್ಪನ ಮಗಳು.

ಸಂಜೆ ಅವಳು ಕೆಲಸ ಮುಗಿಸಿ ಗ್ಯಾರೇಜಿಗೆ ಬಂದಳು. ನನಗೆ ನಯವಾಗಿ ಹೇಳಲು ಬರುವುದಿಲ್ಲ. "ಗಾಡಿಗೆ ಏನೂ ಆಗಿಲ್ಲವ್ವಾ. ನಿನ್ನ ಎಡಗೈ ಅದನ್ನ ತಿನ್ನಾಕತ್ತೈತಿ," ಅಂದುಬಿಟ್ಟೆ.

ಅವಳ ಮುಖ ಕೆಂಪಾಯಿತು. "ಎರಡ ಸಲ ನೀವ ಬಿಚ್ಚೀರಿ. ಈಗ ನನ್ನ ಕೈ ಮ್ಯಾಲ ಹಾಕ್ತೀರಿ? ರೇಸಿನಾಗ ನಿಂತಾಗೆಲ್ಲ ಗಂಡಸರು ಅನ್ನೂದ ಇದ, ಹೆಣ್ಮಕ್ಕಳ ಕೈಗೆ ಗೇರ್ ಒಗ್ಗೂದಿಲ್ಲ ಅಂತ. ನೀವೂ ಅದನ್ನ ಅಂದ್ರಲ್ಲ ಚಾಚಾ."

"ನಾ ಹಂಗ ಅಂದಿಲ್ಲವ್ವಾ..."

"ನಾ ದಿನಾ ಮಂದಿಗೆ ಹೇಳ್ತೀನಿ, ಗೇರ್ ಮ್ಯಾಲ ಕೈ ಇಟಗೊಂಡ ಕುಂಡ್ರಬ್ಯಾಡ್ರಿ ಅಂತ. ನಾನ ಇಡತೀನೇನು?"

ಸ್ಕೂಟಿ ಚಾಲೂ ಮಾಡಿಕೊಂಡು ಹೊರಟೇಹೋದಳು. ನನಗೆ ಬಹಳ ಕೆಟ್ಟದೆನಿಸಿತು. ಅವಳು ಸುಳ್ಳು ಹೇಳುತ್ತಿರಲಿಲ್ಲ. ತನ್ನ ಕೈ ಏನು ಮಾಡುತ್ತದೆ ಎಂಬ ಖಬರೇ ಅವಳಿಗಿರಲಿಲ್ಲ. ಅವಳ ಅಪ್ಪನಿಗೂ ಇರಲಿಲ್ಲ, ನಾನು ಕೇಳಿದಾಗ ಯಾವ ಕೈ ಎಂದು ಕೆಳಗೆ ನೋಡಿಕೊಂಡಿದ್ದರಲ್ಲ. ಬಾಯಿಂದ ಹೇಳಿದರೆ ಯಾರೂ ನಂಬದ ಮಾತು ಅದು.

ಗಾಡಿಯನ್ನಂತೂ ಕಟ್ಟಲೇಬೇಕಿತ್ತು. ಇನ್ನೊಂದು ಫೋರ್ಕ್ ಹಾಕಿ, ಬಳೆಯನ್ನೂ ಬದಲಿಸಿ, ಜೋಡಿಸಿ ಮುಗಿಸುವ ಹೊತ್ತಿಗೆ ಅವಳ ಅಪ್ಪನ ಫೋನ್ ಬಂತು. "ಸಾಬ್ರ, ಮನ್ಯಾಗ ಮಾತಾಡವಲ್ಲಳು. ನೀವು ಗಾಡಿ ತಗೊಂಡ ಹೊಲಕ್ಕ ಬರ್ರಿ. ಅಕೀನ್ನ ನಾ ಕರಕೊಂಡ ಬರ್ತೀನಿ."

ಹೋದೆ. ಅಪ್ಪ ಮಗಳು ಬದುವಿನ ಮೇಲೆ ನಿಂತಿದ್ದರು, ನಡುವೆ ಒಂದು ಟ್ರ್ಯಾಕ್ಟರ್ ಹೋಗುವಷ್ಟು ಜಾಗ ಬಿಟ್ಟು. ಅಪ್ಪನ ಕೈಯಲ್ಲಿ ಚರ್ಮದ ಪಟ್ಟಿಗೆ ಪೋಣಿಸಿದ ಗೆಜ್ಜೆಗಳಿದ್ದವು. ಹಿಂದೆ ಅವರ ಮನೆಯಲ್ಲಿದ್ದ ಎತ್ತಿನ ಕೊರಳಿನವು. ಅದರಲ್ಲಿ ಒಂದು ತುಂಡು ಕತ್ತರಿಸಿ, ಬಗ್ಗಿ, ಗಾಡಿಯ ಗೇರಿನ ಹಿಡಿಯ ಕುತ್ತಿಗೆಗೆ ಕಟ್ಟಿದರು.

"ಎತ್ತ ನಿದ್ದಿ ಮಾಡಿದ್ರ, ನಿಂತ್ರ ನಮಗ ಇದರಾಗ ತಿಳೀತಿತ್ತು," ಅಂದರು. "ಮಣ್ಣಿನ ದಾರ್ಯಾಗ ಹಿಡಿ ನಡಗತಿರತೈತಿ, ಗೆಜ್ಜಿ ಬಾರಸ್ತಿರಬೇಕು. ಕೈ ಒತ್ತಿದ್ರ ಬಾಯಿ ಮುಚ್ಚತೈತಿ. ಹೋಗು ಮಗಳ, ಸಾಬ್ರನ್ನ ಕೂಡಿಸ್ಕೊಂಡ ಒಂದ ಸುತ್ತು ಹೊಡಿ. ನಿನ್ನ ಕೈದ ತಪ್ಪಿಲ್ಲಂದ್ರ ನಾ ಅವರಿಗೆ ಇಲ್ಲೇ ಬೈತೀನಿ."

ಯಾ ಅಲ್ಲಾ, ಅದು ಎಂಥ ಸವಾರಿ! ಸೀಟ್ ಬೆಲ್ಟ್ ಬಿಗಿದುಕೊಂಡು, ಪಂಜರದ ಕೊಳವೆ ಹಿಡಿದು ಕೂತೆ. ಮೊದಲ ಗೇರಿನಲ್ಲಿ ಗೆಜ್ಜೆ ಝಲ್ಲೆಂದಿತು. ಎರಡನೆಯದರಲ್ಲೂ ಗಲಗಲ ಬಾರಿಸುತ್ತಿತ್ತು. ಹುಡುಗಿ ನನ್ನ ಕಡೆ ಒಮ್ಮೆ ಗೆದ್ದವಳಂತೆ ನೋಡಿದಳು. ಮುಂದೆ ತಿರುವು ಬಂತು, ಹಿಂದಿನ ಚಕ್ರಗಳು ಜಾರಿದವು, ಮೂರನೆಯದಕ್ಕೆ ತಳ್ಳಿ ಜೋರು ಕೊಟ್ಟಳು. ಗೆಜ್ಜೆ ನಿಂತುಹೋಯಿತು. ಎಂಜಿನ್ನಿನ ಆರ್ಭಟ, ಕಲ್ಲು ತಳಕ್ಕೆ ಬಡಿಯುವ ಸದ್ದು, ಎಲ್ಲ ಇತ್ತು. ಗೆಜ್ಜೆಯ ಸದ್ದು ಮಾತ್ರ ಇರಲಿಲ್ಲ. ಅವಳೇ ಕತ್ತು ತಗ್ಗಿಸಿ ನೋಡಿಕೊಂಡಳು. ಎಡಗೈ ಹಿಡಿಯ ಮೇಲಿತ್ತು, ಮೊಳಕೈ ನೆಟ್ಟಗಿತ್ತು, ಥೇಟ್ ಅಪ್ಪನ ಹಾಗೆ.

ಗಾಡಿಯನ್ನು ಅಲ್ಲೇ ನಿಲ್ಲಿಸಿ ಹೆಲ್ಮೆಟ್ ತೆಗೆದಳು. ಆ ಕೈಯನ್ನು ಹೊರಳಿಸಿ ನೋಡಿಕೊಂಡಳು. ಆಮೇಲೆ ನಗಲು ಶುರು ಮಾಡಿದಳು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ನನಗ ಖರೇನ ಗೊತ್ತಿರಲಿಲ್ರಿ ಚಾಚಾ," ಅಂದಳು.

"ನನಗೂ ಗೊತ್ತಿರಲಿಲ್ಲವ್ವಾ. ಹೆಣ್ಮಕ್ಕಳ ಕೈ ಅಲ್ಲ ಇದು, ಟ್ರ್ಯಾಕ್ಟರಿನ ಕೈ," ಅಂದೆ.

ಕಾರಣ ಸಿಕ್ಕಿತು ಎಂದ ಮಾತ್ರಕ್ಕೆ ಕೈ ಸುಧಾರಿಸುವುದಿಲ್ಲ. ಮೂರ್ನಾಲ್ಕು ಸುತ್ತು ಅವಳು ನೆನಪಿಟ್ಟು ಕೈ ಎತ್ತಿದಳು, ಐದನೆಯದರಲ್ಲಿ ಗೆಜ್ಜೆ ಮತ್ತೆ ನಿಂತಿತು. ರಜೆಯ ದಿನ ಮನೆಯ ಟ್ರ್ಯಾಕ್ಟರಿನಲ್ಲಿ ಹರಗಲು ಹೋದರೆ ಕೈ ಒತ್ತಲೇಬೇಕು, ಮರುದಿನ ರೇಸ್ ಗಾಡಿಯಲ್ಲಿ ಒತ್ತಲೇಬಾರದು. ಒಂದೇ ಕೈಗೆ ಒಂದೇ ಮಣ್ಣಿನಲ್ಲಿ ಎರಡು ಪಾಠ. ರೇಸಿನ ಗಡಿಬಿಡಿಯಲ್ಲಿ ಹಳೆಯ ಪಾಠವೇ ಗೆಲ್ಲುತ್ತದೆ ಎನ್ನುವುದು ನನಗೆ ಖಾತ್ರಿ ಇತ್ತು. ಅವಳಿಗೂ ಇತ್ತು, ಅದಕ್ಕೇ ಮಂಕಾಗಿ ಕೂತಳು.

ಆಗ ನಾನು ಹೇಳಿದೆ, "ಯಜಮಾನ್ರ, ನಿಮ್ಮ ಟ್ರ್ಯಾಕ್ಟರ್ ಬಿಚ್ಚತೀನಿ."

ಅವರು ಬೆಚ್ಚಿಬಿದ್ದರು. "ಈಗ? ಮಳಿ ಇಂದೋ ನಾಳೆಯೋ ಅನ್ನಾಕತ್ತೈತಿ. ಹೆಸರುಕಾಳು ಬಿತ್ತೂ ಹೊತ್ತು. ಇದೊಂದ ಹೊಲ ಅಲ್ಲ, ಊರಾಗ ನಾಕ ಮಂದಿಗೆ ಹರಗಿ ಕೊಡ್ತೀನಿ ಅಂತ ಮಾತ ಕೊಟ್ಟೀನಿ. ಅದಕ್ಕೇನಾಗೇತ್ರಿ, ಕೈ ಇಟ್ರ ನಿಲ್ಲತೈತಿ."

"ಅದಕ್ಕ ಬಿಚ್ಚತೀನಿ ಅನ್ನೂದು. ಇದರ ಗೇರ್ ಕೈ ಇಡದ ನಿಲ್ಲೂವರಿಗೆ ನಿಮ್ಮ ಮಗಳ ಕೈ ಆ ಚಟ ಬಿಡೂದಿಲ್ಲ."

ಅವರು ಮುಗಿಲು ನೋಡಿದರು, ಟ್ರ್ಯಾಕ್ಟರ್ ನೋಡಿದರು, ಮಗಳ ಕಡೆ ನೋಡಲಿಲ್ಲ. ಮಗಳೇ ಹೇಳಿದಳು, "ಬ್ಯಾಡಪ್ಪಾ. ಬಿತ್ತಿಗಿ ಮುಗೀಲಿ. ರೇಸ್ ಮುಂದಿನ ವರ್ಷನೂ ಬರತೈತಿ." ಸೀಟು ಮಾತ್ರ ಮುಂದಿನ ವರ್ಷ ಬರುವುದಿಲ್ಲ ಎನ್ನುವುದು ಮೂವರಿಗೂ ಗೊತ್ತಿತ್ತು.

"ಬಿಚ್ಚರಿ ಸಾಬ್ರ," ಅಂದರು ಅಪ್ಪ. "ಮಂದಿಗೆ ನಾ ಹೇಳಕೋತೀನಿ. ಆದ್ರ ಮಳಿ ಬೀಳೂದ್ರಾಗ ಕಟ್ಟಿಕೊಡಬೇಕು ನೋಡ್ರಿ."

ಹೊಲದ ಬೇವಿನ ಮರದ ಕೆಳಗೇ ಕೆಲಸ ಹಿಡಿದೆ. ಕೊಂಬೆಗೆ ಚೈನ್ ಕಟ್ಟಿ ಭಾರ ಎತ್ತಿದೆವು, ಗೋಣಿಚೀಲ ಹಾಸಿ ಒಂದೊಂದೇ ಭಾಗ ಒರಸಿ ಇಟ್ಟೆವು. ರಜೆ ಹಾಕಿ ಬಂದ ಮಗಳು ಸೀಮೆಎಣ್ಣೆಯಲ್ಲಿ ಗೇರುಗಳನ್ನು ತೊಳೆದಳು. ಎಲ್ಲ ಬಿಚ್ಚಿದ ಮೇಲೆ ಗುಂಡಿನ ಗೂಡಿಗೆ ಬೆರಳು ಹಾಕಿ ನೋಡಿದರೆ ಸ್ಪ್ರಿಂಗ್ ಮುರಿದು ಎರಡು ತುಂಡಾಗಿತ್ತು, ಮುರಿದ ಕಡೆ ನುಣ್ಣಗಾಗಿತ್ತು. ಅದು ಮುರಿದು ಎಷ್ಟು ಕಾಲವಾಗಿತ್ತೋ. ಗುಂಡನ್ನು ಕುಳಿಗೆ ಒತ್ತುವವರಿಲ್ಲದೆ ಗೇರ್ ಜಿಗಿಯಲು ಶುರುವಾಗಿ, ಜಿಗಿದು ಜಿಗಿದು ಹಲ್ಲುಗಳೂ ಸವೆದಿದ್ದವು. ಬೆರಳುದ್ದವೂ ಇಲ್ಲದ ಆ ಸ್ಪ್ರಿಂಗಿನ ಕೆಲಸವನ್ನು ಒಂದು ಮನೆತನದ ಎಡಗೈ ಮಾಡಿಕೊಂಡು ಬಂದಿತ್ತು. ಅಪ್ಪ ಆ ತುಂಡುಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದರು. "ಇಷ್ಟನ?" ಅಂದರು. "ನಮ್ಮಪ್ಪ ಎರಿ ಮಣ್ಣಿಂದ ದೋಷ ಅಂತಿದ್ದ."

ಸವೆದ ಗೇರಿಗೆ ಬದಲಿ ಹುಬ್ಬಳ್ಳಿಯ ಗುಜರಿಯಲ್ಲಿ ಸಿಕ್ಕಿತು. ಫೋರ್ಕನ್ನು ಹೊತ್ತ ದಂಡದ ಮೇಲೆ ಗುಂಡು ಕೂರುವ ಕುಳಿ ಉರುಟಾಗಿತ್ತು, ಅದನ್ನು ನಮ್ಮ ಲೇತ್ ಮಶಿನ್ನಿನವನು ಹೊಸದಾಗಿ ಕೊರೆದು ಕೊಟ್ಟ. ಜೋಡಿಸಿ ಎಣ್ಣೆ ತುಂಬುವಾಗ ಕಪ್ಪತಗುಡ್ಡದ ಕಡೆಯಿಂದ ತಣ್ಣನೆಯ ಗಾಳಿ ಬೀಸುತ್ತಿತ್ತು, ಮೋಡ ಕಟ್ಟಿತ್ತು. ಅಪ್ಪ ಹತ್ತಿ ಕೂತು ಹರಗುವ ಕುಂಟಿ ಇಳಿಸಿ ಗೇರ್ ಹಾಕಿದರು. ಕೈ ಅಲ್ಲೇ ಕೂತಿತು. "ತಗೀರಿ," ಎಂದು ಕೂಗಿದೆ. ತೆಗೆದರು, ಮತ್ತೆ ಇಟ್ಟರು. "ಅಪ್ಪಾ, ತಗಿ!" ಎಂದು ಮಗಳು ಕೂಗಿದಳು. ಕಡೆಗೆ ಆ ಕೈಯನ್ನು ಎತ್ತಿ ತಲೆಯ ಪಟಗದ ಮೇಲೆ ಇಟ್ಟುಕೊಂಡು ಸಾಲಿನ ತುದಿಯವರೆಗೂ ಹೋದರು. ಎರೆಮಣ್ಣು ಕುಂಟಿಯನ್ನು ಹಿಡಿದು ಜಗ್ಗುತ್ತಿತ್ತು, ಗೇರ್ ಅಲುಗಲಿಲ್ಲ. ತಿರುಗಿ ಬಂದಾಗ ಮುಖದಲ್ಲಿ ಎಂಥದೋ ಪೆಚ್ಚು ನಗೆ ಇತ್ತು. "ಈ ಕೈಗೆ ಇನ್ನ ಉದ್ಯೋಗನ ಇಲ್ಲದಂಗಾತಲ್ರಿ ಸಾಬ್ರ," ಅಂದರು.

ಮೋಡ ಸುರಿಯದೆ ಚದುರಿತು. ಅಲ್ಲಿಂದ ಮಗಳು ದಿನಾ ಬೆಳಿಗ್ಗೆ ಟ್ರ್ಯಾಕ್ಟರಿನಲ್ಲಿ ನಾಲ್ಕು ಸಾಲು ಹರಗಿ, ಇಳಿದು ರೇಸ್ ಗಾಡಿ ಹತ್ತುತ್ತಿದ್ದಳು. ಎರಡಕ್ಕೂ ಗೆಜ್ಜೆ ಕಟ್ಟಿದ್ದೆವು. ಬದುವಿನ ಮೇಲೆ ಕೂತು ನಾನು ಮತ್ತು ಅವಳ ಅಪ್ಪ ಕಿವಿಗೊಡುತ್ತಿದ್ದೆವು; ಗಾಡಿ ನಮ್ಮ ಹತ್ತಿರ ಬಂದು ನಿಧಾನಿಸುವಾಗ ಗಲಗಲ ಕೇಳಿದರೆ ಆತು, ಕೇಳದಿದ್ದರೆ ಇಬ್ಬರೂ ಒಟ್ಟಿಗೆ ಕೈ ಎತ್ತುತ್ತಿದ್ದೆವು. ದಾರಿಹೋಕರು ನೋಡಿ ಏನೆಂದುಕೊಂಡರೋ.

ರೇಸಿಗೆ ಮುಂಚೆ ಗೇರ್ ಬಾಕ್ಸನ್ನು ಮತ್ತೊಮ್ಮೆ ಬಿಚ್ಚುತ್ತೇನೆ ಎಂದಾಗ ಹುಡುಗಿ ಹೆದರಿದಳು. ಚೆನ್ನಾಗಿ ನಡೆಯುತ್ತಿರುವುದನ್ನು ಬಿಚ್ಚಬಾರದು ಎನ್ನುವುದು ನಮ್ಮ ದಂಧೆಯ ಪದ್ಧತಿ. ಆದರೆ ಅವಳ ಕೈ ಆ ಚಾಳಿಯನ್ನು ನಿಜವಾಗಿ ಬಿಟ್ಟಿದೆಯೋ ಇಲ್ಲವೋ ಎಂದು ಹೇಳುವುದು 'ಬಿಟ್ಟೀನಿ' ಎನ್ನುವ ಅವಳ ಬಾಯಿಯಲ್ಲ, ಫೋರ್ಕ್. ಬಿಚ್ಚಿದೆ. ತಟ್ಟೆಯಲ್ಲಿ ಎಣ್ಣೆ ಜೇನಿನ ಬಣ್ಣಕ್ಕಿತ್ತು. ಫೋರ್ಕಿನ ತುದಿಯನ್ನು ಬಿಸಿಲಿಗೆ ಹಿಡಿದೆ. ಫ್ಯಾಕ್ಟರಿಯಲ್ಲಿ ಕಡೆದಾಗಿನ ಸಣ್ಣ ಗೆರೆಗಳು ಹಾಗೇ ಇದ್ದವು. ಅವಳ ಬೆರಳು ಹಿಡಿದು ಆ ಗೆರೆಗಳ ಮೇಲೆ ಆಡಿಸಿದೆ. "ಇದ ನಿನ್ನ ಸರ್ಟಿಫಿಕೇಟ್ ನೋಡವ್ವಾ," ಅಂದೆ. ಅವಳು ಮತ್ತೆ ಮತ್ತೆ ಬೆರಳಾಡಿಸಿದಳು.

ರೇಸಿನ ದಿನ ಗಾಡಿ ತಪಾಸಣೆ ಮಾಡುವವರು ಒಳಗೆ ಸಡಿಲವಾದ ಸಾಮಾನು ಏನೂ ಇರಬಾರದು ಎಂದು ಗೆಜ್ಜೆ ಬಿಚ್ಚಿಸಿದರು. ಇಷ್ಟು ದಿನ ಅವಳನ್ನು ಎಚ್ಚರಿಸಿದ್ದು ಅದೊಂದೇ. ಹುಡುಗಿ ಗೆಜ್ಜೆಯನ್ನು ನನ್ನ ಕೈಗೆ ಕೊಟ್ಟು, "ನೀವ ಬಾರಸ್ಕೋತ ನಿಂದ್ರಿ ಚಾಚಾ," ಎಂದು ನಕ್ಕು ಹೆಲ್ಮೆಟ್ ಹಾಕಿಕೊಂಡಳು.

ಮುಂಡರಗಿ ಕಡೆಯ ಆ ದಾರಿ ಗಾಳಿಯಂತ್ರಗಳ ನಡುವೆ ಗುಡ್ಡ ಹತ್ತಿ ಇಳಿಯುತ್ತದೆ. ನಾವು ಮುಗಿಯುವ ಗೆರೆಯ ಹತ್ತಿರ ನಿಂತೆವು, ಅವಳ ಅಪ್ಪ ನನ್ನ ಪಕ್ಕ. ಗಾಡಿ ಕಾಣುವುದು ಕೊನೆಗೆ ಮಾತ್ರ, ಅಲ್ಲಿಯವರೆಗೆ ಸದ್ದೇ ಗತಿ. ಗೇರ್ ಜಿಗಿದರೆ ಹೇಗೆ ಚೀರುತ್ತದೆ ಎಂದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಎರಡನೆಯ ಗೇರಿನ ಸದ್ದು ಏರಿತು, ಒಂದು ಗಳಿಗೆ ತಗ್ಗಿತು, ಮೂರನೆಯದಕ್ಕೆ ಬಿತ್ತು. ನನ್ನ ಭುಜದ ಮೇಲೆ ಏನೋ ಭಾರ ಬಿತ್ತು, ನಾನು ಲಕ್ಷ್ಯ ಕೊಡಲಿಲ್ಲ. ಗುಡ್ಡದ ಹಿಂದಿನ ದೊಡ್ಡ ತಿರುವಿನಲ್ಲಿ ಸದ್ದು ಜೋರಾಯಿತು, ಇನ್ನೂ ಜೋರಾಯಿತು. ಮುರಿಯಲಿಲ್ಲ. ಒಂದೇ ಎಳೆಯಲ್ಲಿ ಏರುತ್ತ ನಾಲ್ಕನೆಯದಕ್ಕೆ ಹೋಯಿತು. ಧೂಳಿನ ಮೋಡ ಗುಡ್ಡ ಇಳಿದು ಬಂತು, ಅದರ ಮುಂದೆ ಆ ಸಣ್ಣ ಗಾಡಿ. ಗೆರೆ ದಾಟಿತು. ನಾನು ಗೆಜ್ಜೆಯನ್ನು ಹುಚ್ಚನಂತೆ ಬಾರಿಸಿದೆ.

ಎಷ್ಟನೆಯವಳಾಗಿ ಬಂದಳೆಂದು ನಾನು ಕೇಳಲಿಲ್ಲ. ಹುಬ್ಬಳ್ಳಿಯ ಮಾಲೀಕರು ಅವಳ ಕಿಟಕಿಗೆ ಬಗ್ಗಿ, "ಬರೂ ವಾರ ಸೀಟಿನ ಅಳತಿ ಕೊಡಾಕ ಬಾರವ್ವಾ," ಅಂದದ್ದನ್ನು ನಾನೇ ಕೇಳಿಸಿಕೊಂಡೆ. ಅವಳು ಇಳಿದು, ಹೆಲ್ಮೆಟ್ ಕಂಕುಳಲ್ಲಿಟ್ಟುಕೊಂಡು, ಮೈಯೆಲ್ಲ ಧೂಳಾಗಿ ನಮ್ಮ ಕಡೆ ನಡೆದು ಬಂದಳು. ಅಪ್ಪನ ಕಣ್ಣಲ್ಲಿ ನೀರು ಇಳಿಯುತ್ತಿತ್ತು, ನನ್ನವೂ ಒಣಗಿರಲಿಲ್ಲ. ಹತ್ತಿರ ಬಂದವಳು ನಮ್ಮಿಬ್ಬರನ್ನೂ ನೋಡಿ ಥಟ್ಟನೆ ನಿಂತು, ನಗಲು ಶುರು ಮಾಡಿದಳು. ಆಗಲೇ ನನಗೂ ಭುಜದ ನೋವು ಗೊತ್ತಾದದ್ದು. ಅವಳ ಅಪ್ಪ ಎಡಗೈಯಿಂದ ಅದನ್ನು ಒತ್ತಿ ಹಿಡಿದಿದ್ದರು, ಮೊಳಕೈ ನೆಟ್ಟಗೆ ಮಾಡಿ, ಮೈಭಾರವೆಲ್ಲ ಹಾಕಿ.

"ಅಪ್ಪಾ, ಚಾಚಾನ ಭುಜ ಬಿಡು ಇನ್ನ," ಅಂದಳು. "ಅವ್ರು ಜಿಗಿಯೂದಿಲ್ಲ."